ಯಾರೂ ತಲೆ ಓರೆ ಮಾಡದ ಜಾಗ

ಮಾರ್ಚ್ 18, ಮಂಗಳವಾರ

ಹಿಮ ಕರಗಿದೆ. ರಸ್ತೆಯೆಲ್ಲ ಕೆಸರು. ಸ್ಮಶಾನದ ಪಕ್ಕದ ಜಲ್ಲಿ ರಸ್ತೆ ಸಮ ಮಾಡಲು ಗ್ರೇಡರ್ ಓಡಿಸುವುದಿತ್ತು, ಬಿಟ್ಟೆ. ಹಸಿ ಇದ್ದಾಗ ಬ್ಲೇಡು ಇಳಿಸಿದರೆ ಇನ್ನಷ್ಟು ಹಾಳು. ಶೆಡ್ಡಿನಲ್ಲಿ ವರ್ನ್ ಹೇಳಿದ, "ಆ ರಸ್ತೆ ಬಿಡು ಎಲ್ಡನ್, ಇನ್ಮೇಲೆ ನಾನೇ ನೋಡ್ಕೋತೀನಿ." ಹೇಳುವಾಗ ತಲೆ ಒಂದು ಕಡೆಗೆ ಓರೆ, ಅಯ್ಯೋ ಪಾಪ ಅನ್ನುವ ಹಾಗೆ. ಒಳ್ಳೆಯವನು. ಆದರೆ ಅಕ್ಟೋಬರ್‌ನಲ್ಲಿ ಅವಳು ತೀರಿಹೋದಾಗಿನಿಂದ ಈ ಊರಿನಲ್ಲಿ ಎಲ್ಲರೂ ನನ್ನ ಜೊತೆ ತಲೆ ಓರೆ ಮಾಡಿಯೇ ಮಾತಾಡುವುದು. ಅಂಚೆಯವಳು, ಬ್ಯಾಂಕಿನವನು, ಪಾದ್ರಿ. ಮೂವತ್ತು ವರ್ಷ ಜೊತೆಗೆ ಬೇಟೆಗೆ ಬಂದ ವರ್ನ್ ಕೂಡ.

ಮನೆಗೆ ಬಂದರೆ ಮೇಜಿನ ಮೇಲೆ ದಪ್ಪ ಕವರು. ಹ್ಯಾಲ್‌ಬರ್ಗ್ ಕಾಲೇಜು. ಬ್ರಿಟಾಗೆ ಸೀಟು, ಜೊತೆಗೆ ಸ್ಕಾಲರ್‌ಶಿಪ್ಪು. ದಪ್ಪ ಕವರು ಬಂದರೆ ಸೀಟು ಅಂತ ನನಗೂ ಗೊತ್ತು. ಒಡೆದು ಓದಿ ಹಾಗೇ ಇಟ್ಟಿದ್ದಾಳೆ.

"ಖುಷಿ ಇಲ್ವೇನೇ?" ಅಂದೆ.

"ಇದೆ ಅಪ್ಪ." ಆಮೇಲೆ, "ಈ ಅಡುಗೆಮನೆ ವಾಸನೆ ಬರ್ತಿದೆ. ಕಿಟಕಿ ತೆಗಿಯೋಣ್ವಾ?"

"ಚಳಿ" ಅಂದೆ.

ಮಾರ್ಚ್ 23, ಭಾನುವಾರ

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಆರ್ಲಿಸ್ ಅಕ್ಕ ಬಿಡಲಿಲ್ಲ.

"ಹ್ಯಾಲ್‌ಬರ್ಗ್ ಸೀಟು ಬಂತಂತೆ! ಮತ್ತೇನು ಯೋಚನೆ? ಅದು ಬಿಟ್ಟು, ಮೊದಲೇ ಸೀಟು ಕೊಟ್ಟ ಆ ಸರ್ಕಾರಿ ಯೂನಿವರ್ಸಿಟಿಗೆ ಕಳಿಸ್ತೀಯಾ? ಒಂದೊಂದು ಕ್ಲಾಸಲ್ಲಿ ನಾನೂರು ಜನ ಕಣೋ. ನಮ್ಮೂರಲ್ಲೇ ಅಷ್ಟು ಜನ ಇಲ್ಲ. ಮೇಷ್ಟ್ರಿಗೆ ಇವಳ ಮುಖ ಕಾಣಬೇಕಂದ್ರೆ ದುರ್ಬೀನು ಬೇಕು."

ಬ್ರಿಟಾ: "ಒಳ್ಳೇದಾಯ್ತಲ್ಲ ಅತ್ತೆ, ನಿದ್ದೆ ಮಾಡಿದ್ರೂ ಗೊತ್ತಾಗಲ್ಲ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಕ್ಕು ಮುಗಿಸಿ, "ನಿಮ್ಮಮ್ಮನ ಆಸೆ ಏನಿತ್ತು, ಗೊತ್ತಲ್ವಾ ಮಗಾ" ಅಂದಳು. ತಲೆ ಓರೆ.

ಬ್ರಿಟಾ ತಟ್ಟೆ ಇಟ್ಟು ಕಾಫಿ ಕಪ್ಪು ತೊಳೆಯಲು ಹೋದಳು. ಎಲ್ಲರ ಕಪ್ಪನ್ನೂ ತೊಳೆದಳು.

ಆಸೆ ಏನಿತ್ತು ಅಂತ ನನಗೆ ಗೊತ್ತು. ಹೋದ ಬೇಸಿಗೆಯಲ್ಲಿ, ಔಷಧಿಯ ನಡುವೆ ಮೈ ಸ್ವಲ್ಪ ಚೆನ್ನಾಗಿದ್ದಾಗ, ತಾಯಿ ಮಗಳು ಇಬ್ಬರೇ ಐದು ಗಂಟೆ ದಾರಿ ಕಾರು ಓಡಿಸಿಕೊಂಡು ಹ್ಯಾಲ್‌ಬರ್ಗ್ ನೋಡಿ ಬಂದರು. ಒಂದು ನೀಲಿ ಮಗ್ಗು ತಂದಳು. ಆ ರಾತ್ರಿ ಹೇಳಿದ್ದು: "ಅಲ್ಲಿ ಬಾಗಿಲು ಕಾಯೋನೂ ಹೆಸರು ಹಿಡಿದು ಕರೀತಾನೆ ಎಲ್ಡನ್. ಚಿಕ್ಕ ಜಾಗ. ನಮ್ಮ ಹುಡುಗಿ ಕಳೆದು ಹೋಗಲ್ಲ."

ಹ್ಯಾಲ್‌ಬರ್ಗ್ ನನ್ನ ಸಂಬಳಕ್ಕೆ ಎಟುಕುವುದಲ್ಲ, ಸ್ಕಾಲರ್‌ಶಿಪ್ಪು ಸಿಕ್ಕ ಮೇಲೂ. ಆದರೆ ಅವಳ ವಿಮೆ ಹಣ ಬ್ಯಾಂಕಿನಲ್ಲಿದೆ. ಮುಟ್ಟಿಲ್ಲ. ನಾಲ್ಕು ವರ್ಷಕ್ಕೆ ಸಾಕು. ಯೂನಿವರ್ಸಿಟಿಗಾದರೆ ಅದನ್ನು ಮುಟ್ಟುವುದೇ ಬೇಡ... ನನ್ನ ಸಂಬಳ, ಬೇಸಿಗೆಯಲ್ಲಿ ಈಜುಕೊಳದಲ್ಲಿ ಬ್ರಿಟಾಳ ಕೆಲಸ, ಇಷ್ಟರಲ್ಲೇ ಆಗುತ್ತೆ.

ಏಪ್ರಿಲ್ 11, ಶುಕ್ರವಾರ

ರಜೆ ಹಾಕಿ ಬ್ರಿಟಾ ಜೊತೆ ಯೂನಿವರ್ಸಿಟಿಗೆ ಹೋದೆ. ಎರಡು ಗಂಟೆ ದಾರಿ. ಕ್ಯಾಂಪಸ್ ತೋರಿಸುವ ಹುಡುಗ ನಮ್ಮ ಗುಂಪಿನ ಕಡೆ ಮುಖ ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾನೆ, ಎಲ್ಲೂ ಎಡವುವುದಿಲ್ಲ. ನಾನು ಇಡೀ ಹೊತ್ತು ಅವನ ಕಾಲೇ ನೋಡುತ್ತಿದ್ದೆ. ಲೈಬ್ರರಿ ಹತ್ತಿರ ತಿರುಗಿ ನೋಡಿದರೆ ಬ್ರಿಟಾ ಇಲ್ಲ.

ಫೋನ್ ತೆಗೆಯಲಿಲ್ಲ. ಗುಂಪು ಮುಂದೆ ಹೋಯಿತು. ನಾನು ಕಟ್ಟಡದಿಂದ ಕಟ್ಟಡಕ್ಕೆ. ಎಲ್ಲಿ ನೋಡಿದರೂ ಹುಡುಗರು, ಎಲ್ಲರ ಬೆನ್ನಿಗೂ ಚೀಲ. ಆ ಮಾತು ನೆನಪಾಯಿತು. ಕಳೆದು ಹೋಗಲ್ಲ.

ಸುಮಾರು ಹೊತ್ತಾದ ಮೇಲೆ ತಾನೇ ಬಂದಳು. ಓಡುತ್ತಾ. ಕೆನ್ನೆ ಕೆಂಪು.

"ಎಲ್ಲಿ ಹೋಗಿದ್ದೆ?"

"ಒಂದು ದೊಡ್ಡ ಹಾಲ್ ಇತ್ತು. ಎಲ್ಲರೂ ಒಳಗೆ ಹೋಗ್ತಿದ್ರು, ನಾನೂ ಹೋದೆ. ಕಲ್ಲು, ಮಣ್ಣಿನ ಬಗ್ಗೆ ಪಾಠ ಅಪ್ಪ! ಹಿಮನದಿ ನಮ್ಮ ಕಡೆ ಜಲ್ಲಿ ತಂದು ಸುರಿದಿದ್ದು ಹೇಗೆ ಅಂತ. ಪೂರ್ತಿ ಕೂತಿದ್ದೆ. ನೀನು ಯಾರು ಅಂತ ಒಬ್ರೂ ಕೇಳ್ಲಿಲ್ಲ."

"ನಾನೂರು ಜನ ಇದ್ರಾ?"

"ಜಾಸ್ತಿ."

ನಗುತ್ತಿದ್ದಳು. ಹಲ್ಲು ಕಾಣುವ ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ದಾರಿಯುದ್ದಕ್ಕೂ ಅದೇ ಮಾತು. ನಾನು ಸ್ಟಿಯರಿಂಗ್ ಹಿಡಿದು ಯೋಚಿಸಿದೆ — ನನಗಾಗಿ ನಟಿಸುತ್ತಿದ್ದಾಳೆ. ಅಪ್ಪನಿಗೆ ಹೊರೆ ಬೇಡ, ಅಪ್ಪನಿಂದ ದೂರ ಬೇಡ ಅಂತ. ತಾಯಿಯ ಹಾಗೇ. ಅವಳೂ ನೋವಿದ್ದಾಗಲೇ ಜಾಸ್ತಿ ನಗುತ್ತಿದ್ದದ್ದು.

ಏಪ್ರಿಲ್ 27, ಭಾನುವಾರ

ಊಟ ಆದಮೇಲೆ ಹೇಳಿದಳು. "ಯೂನಿವರ್ಸಿಟಿಗೇ ಹೋಗ್ತೀನಿ ಅಪ್ಪ."

"ದುಡ್ಡಿನ ಮುಖ ನೋಡಿ ತೀರ್ಮಾನ ಮಾಡ್ಬೇಡ. ಅದು ನನ್ನ ತಲೆನೋವು."

"ದುಡ್ಡೂ ಒಂದು. ಅದೊಂದೇ ಅಲ್ಲ."

"ಮತ್ತೇನು?"

ಮೇಜಿನ ಬಟ್ಟೆಯ ಎಳೆ ಕೀಳುತ್ತಾ ಕೂತಳು. ನನ್ನ ಅನುಮಾನ ಗಟ್ಟಿಯಾಯಿತು.

ಏಪ್ರಿಲ್ 30, ಬುಧವಾರ

ಮಧ್ಯಾಹ್ನ ರಸ್ತೆ ಬದಿಗೆ ಗ್ರೇಡರ್ ನಿಲ್ಲಿಸಿ ಹ್ಯಾಲ್‌ಬರ್ಗ್‌ಗೆ ಫೋನ್ ಮಾಡಿದೆ. ನಾಳೆ ಕೊನೆ ದಿನ. ಬ್ರಿಟಾ ಹೆಸರಿನಲ್ಲಿ ಸೀಟು ಹಿಡಿಯುವ ಮುಂಗಡ ಕಟ್ಟಿದೆ. ಕಾರ್ಡಿನ ನಂಬರ್ ನಿಧಾನಕ್ಕೆ ಓದಿ ಹೇಳಿದೆ. ಆಚೆ ಕಡೆಯವನ ದನಿ ಬಹಳ ಮೃದು. "ಬ್ರಿಟಾ ಅಪ್ಪಾನಾ ಸರ್? ಅವಳ ಪ್ರಬಂಧ ಓದಿ ನಮ್ಮ ಆಫೀಸಲ್ಲಿ ಎಲ್ಲರೂ ಅತ್ತುಬಿಟ್ರು."

ಥ್ಯಾಂಕ್ಸ್ ಅಂದೆ. ಯಾವ ಪ್ರಬಂಧ, ಗೊತ್ತಿಲ್ಲ. ಕೇಳಲೂ ಇಲ್ಲ.

ನಾಳೆ ಹೇಳುತ್ತೇನೆ. ಮೊದಲು ಸಿಟ್ಟಾಗಬಹುದು. ಆಮೇಲೆ ಅಳುತ್ತಾಳೆ, ಆಮೇಲೆ ಒಪ್ಪುತ್ತಾಳೆ. ಅವಳಮ್ಮನ ಆಸೆ ನಡೆಯಿತು. ಮಲಗುವ ಮುಂಚೆ ನೀಲಿ ಮಗ್ಗಿನಲ್ಲಿ ಹಾಲು ಕುಡಿದೆ.

ಮೇ 1, ಗುರುವಾರ

ಈ ದಿನ ಹೈಸ್ಕೂಲಿನಲ್ಲಿ ಎಲ್ಲರೂ ತಾವು ಸೇರುವ ಕಾಲೇಜಿನ ಅಂಗಿ ತೊಟ್ಟು ಹೋಗುತ್ತಾರೆ. ಬ್ರಿಟಾ ಯೂನಿವರ್ಸಿಟಿಯ ಅಂಗಿ ತೊಟ್ಟು ಹೋಗಿದ್ದಳಂತೆ. ನಾನು ಬೆಳಿಗ್ಗೆ ಬೇಗ ಹೊರಟಿದ್ದೆ, ನೋಡಿರಲಿಲ್ಲ.

ಸಂಜೆ ಬಾಗಿಲಲ್ಲೇ ನಿಂತಿದ್ದಳು. ಫೋನು ನನ್ನ ಮುಖಕ್ಕೆ ಹಿಡಿದಳು. ಹ್ಯಾಲ್‌ಬರ್ಗ್ ಕುಟುಂಬಕ್ಕೆ ಸ್ವಾಗತ ಬ್ರಿಟಾ, ಇವತ್ತು ನಿನ್ನ ತಾಯಿ ಎಷ್ಟು ಹೆಮ್ಮೆ ಪಡುತ್ತಿದ್ದರೋ...

"ಏನಿದು?"

"ನಾನೇ ಕಟ್ಟಿದೆ. ನಿನ್ನ ಒಳ್ಳೇದಕ್ಕೆ ಕಣೆ. ಅವಳು ಬಯಸಿದ್ದು ಅದನ್ನೇ."

"ಅಮ್ಮ ಇದ್ದಾಗ ಬಯಸಿದ್ದು! ಆಗ ನಾನು ಬರೀ ಬ್ರಿಟಾ. ಆ ಬಾಗಿಲು ಕಾಯೋನು ಬ್ರಿಟಾ ಅಂದ್ರೆ ಬ್ರಿಟಾ ಅಷ್ಟೇ." ಉಸಿರು ಎಳೆದುಕೊಂಡಳು. "ಈಗ ಯಾಕೆ ಕರೀತಿದಾರೆ ಗೊತ್ತಾ? ಪ್ರಬಂಧ ಕೇಳಿದ್ರು. ಟೀಚರ್ ಹೇಳಿದ್ರು, ನಿನ್ನ ಹತ್ರ ಕಥೆ ಇದೆ, ಬರಿ ಅಂತ. ಬರೆದೆ. ಆಸ್ಪತ್ರೆ, ಕೊನೆ ರಾತ್ರಿ, ಅಮ್ಮನ ಕೈ, ಎಲ್ಲಾ. ಮಾರಿಬಿಟ್ಟೆ ಅಪ್ಪ. ಒಳ್ಳೇ ಬೆಲೆಗೆ ಹೋಯ್ತು."

ಬೂಟು ಬಿಚ್ಚದೆ ಕೂತೆ.

"ಅಲ್ಲಿಗೆ ಹೋದ ದಿನದಿಂದ ಎಲ್ಲರೂ ಹೀಗೆ." ತಲೆ ಓರೆ ಮಾಡಿ ತೋರಿಸಿದಳು. ಥೇಟ್ ವರ್ನ್. ಥೇಟ್ ಆರ್ಲಿಸ್ ಅಕ್ಕ. ನಾನೊಬ್ಬನೇ ನೋಡಿದ್ದು ಅಂದುಕೊಂಡಿದ್ದೆ. "ಅದು ಇಲ್ಲೇ ಸಿಗುತ್ತಲ್ಲ, ಬಿಟ್ಟಿ. ಅದಕ್ಕೆ ಅಮ್ಮನ ವಿಮೆ ದುಡ್ಡು ಬೇರೆ ಸುರೀಬೇಕಾ?"

"ಮತ್ತೆ ಆ ಯೂನಿವರ್ಸಿಟಿಯಲ್ಲಿ ಏನಿದೆ?"

"ಅವರು ಮಾರ್ಕ್ಸ್ ನೋಡಿ ಸೀಟು ಕೊಟ್ರು. ನನ್ನ ಮಾರ್ಕ್ಸ್." ದನಿ ಇಳಿಯಿತು. "ಅವತ್ತು ಆ ಹಾಲ್‌ನಲ್ಲಿ ಕೂತಿದ್ನಲ್ಲ... ಪಕ್ಕದ ಹುಡುಗ ಪೆನ್ ಇದೆಯಾ ಅಂತ ಕೇಳ್ದ. ಅಷ್ಟೇ ಅಪ್ಪ. ಪೆನ್ ಕೇಳ್ದ."

"ಕೊಟ್ಯಾ?"

"ಕೊಟ್ಟೆ. ವಾಪಸ್ ಕೊಡ್ಲೇ ಇಲ್ಲ, ಕಳ್ಳ."

ಅಳುತ್ತಲೇ ನಕ್ಕಳು. ನಾನೂ. ಯೂನಿವರ್ಸಿಟಿಗೆ ಬೆಳಿಗ್ಗೆಯೇ ಈಜುಕೊಳದ ದುಡ್ಡಿನಲ್ಲಿ ತಾನೇ ಮುಂಗಡ ಕಟ್ಟಿದ್ದಳಂತೆ. ಆ ಪ್ರಬಂಧ ತೋರಿಸಲಿಲ್ಲ. ನಾನು ಕೇಳಲಿಲ್ಲ. ಆ ಕೊನೆ ರಾತ್ರಿ ನಾನೂ ಆಸ್ಪತ್ರೆಯ ಆ ಕೋಣೆಯಲ್ಲೇ ಇದ್ದೆ.

ಮೇ 2, ಶುಕ್ರವಾರ

ಹ್ಯಾಲ್‌ಬರ್ಗ್‌ಗೆ ಫೋನ್ ಮಾಡಿ ಬೇಡ ಅಂದೆ. ಮುಂಗಡ ವಾಪಸ್ ಇಲ್ಲ. ಹೋಗಲಿ. ಆ ಮೃದು ದನಿಯವನು ಪಾಪ, ನಿಜವಾಗಿ ನೊಂದುಕೊಂಡ.

ಮಧ್ಯಾಹ್ನ ವರ್ನ್‌ಗೆ ಹೇಳಿ ಸ್ಮಶಾನದ ರಸ್ತೆ ನಾನೇ ಮಾಡಿದೆ. ಹದವಾಗಿ ಒಣಗಿತ್ತು. ಎರಡು ಸಲ ಬ್ಲೇಡು ಎಳೆದೆ, ಚೆನ್ನಾಗಿ ಕೂತಿತು.

ಜೂನ್ 15, ಭಾನುವಾರ

ಆರ್ಲಿಸ್ ಅಕ್ಕ ಇನ್ನೂ ಬಿಟ್ಟಿಲ್ಲ. "ಮೇಲೆ ಹೋದಾಗ ನಿನ್ನ ಹೆಂಡ್ತಿ ಕೇಳಿದ್ರೆ ನಾನೇನು ಹೇಳ್ಲೋ?"

"ಪೆನ್ ಕದ್ದವನ ಕಥೆ ಹೇಳು" ಅಂದೆ.

"ಯಾವ ಪೆನ್ನು?"

ಹೇಳಲಿಲ್ಲ. ಅದು ನಮ್ಮಿಬ್ಬರದು.

ಆಗಸ್ಟ್ 20, ಬುಧವಾರ

ಬ್ರಿಟಾಳನ್ನು ಬಿಟ್ಟು ಬಂದೆ.

ಹಾಸ್ಟೆಲ್ ಮುಂದೆ ಜಾತ್ರೆ. ಕಾರು, ದಿಂಬು, ಪುಟ್ಟ ಪುಟ್ಟ ಫ್ರಿಜ್ಜು. ಲಿಫ್ಟಿಗೆ ಉದ್ದ ಸಾಲು. ಬ್ರಿಟಾ ಮೆಟ್ಟಿಲು ಹತ್ತಿ ಹೋದಳು, ನಾನು ಪೆಟ್ಟಿಗೆ ಹಿಡಿದು ಸಾಲಿನಲ್ಲಿ. ಪಕ್ಕದಲ್ಲಿ ಒಬ್ಬ ದಪ್ಪ ಮನುಷ್ಯ, ಕಂಕುಳಲ್ಲಿ ಫ್ಯಾನು, ಬೆವರಿನಿಂದ ಅಂಗಿ ಒದ್ದೆ.

"ಮೊದಲ್ನೇದಾ?"

"ಇರೋದೇ ಒಬ್ಬಳು."

"ನಂದು ಮೂರನೇದು. ನಮ್ಮನೆಯವಳು ಅಳ್ತಾ ಕೂತಿದಾಳೆ, ಕಾರಿಂದ ಇಳೀತಾನೇ ಇಲ್ಲ. ನಿಮ್ಮೋರು?"

ಬಾಯಿ ತೆರೆದೆ. ಹೇಳಿದ್ದರೆ ಅವನ ತಲೆಯೂ ಓರೆಯಾಗುತ್ತಿತ್ತು. ಸುಳ್ಳು ಹೇಳಲು ಮನಸ್ಸಿಲ್ಲ.

"ಫ್ಯಾನ್ ಕೆಳಗಿಡಿ ಮಾರಾಯ್ರೆ, ಕೈ ನೋಯುತ್ತೆ" ಅಂದೆ.

"ಅದೂ ನಿಜಾನೇ" ಅಂತ ಇಟ್ಟ. ಲಿಫ್ಟು ಬರುವವರೆಗೆ ಲಾರಿ ಟೈರಿನ ಬಗ್ಗೆ ಮಾತಾಡಿದೆವು. ತಲೆ ನೆಟ್ಟಗೆ ಇಟ್ಟುಕೊಂಡು. ಇಷ್ಟು ಹಗುರ ಅನಿಸಿ ಎಷ್ಟು ಕಾಲವಾಗಿತ್ತು.

ಹೊರಡುವಾಗ ಬ್ರಿಟಾ ಟ್ರಕ್ಕಿನ ಕಿಟಕಿಗೆ ಮುಖ ತಂದಳು. "ಅಡುಗೆಮನೆ ಕಿಟಕಿ ತೆಗಿ ಅಪ್ಪ, ದಿನಾ."

"ಚಳಿ."

"ಆಗಸ್ಟ್ ಅಪ್ಪ ಇದು!"

ಆಮೇಲೆ ಆ ಗುಂಪಿನೊಳಗೆ ಹೋದಳು. ಕನ್ನಡಿಯಲ್ಲಿ ನೋಡಿದೆ. ಯಾವುದು ನಮ್ಮ ಹುಡುಗಿ, ಗೊತ್ತಾಗಲಿಲ್ಲ. ಕಳೆದು ಹೋದಳು ಅನಿಸಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಬ್ರಿಟಾ ಫೋನು. ಮೊದಲ ಪರೀಕ್ಷೆ ಸುಮಾರಂತೆ. ಊಟ ಕೆಟ್ಟದಂತೆ. ಆಮೇಲೆ, "ಡೆಲ್ಫಿನ್‌ಗೆ ಅಮ್ಮನ ವಿಷಯ ಹೇಳ್ದೆ" ಅಂದಳು. ಡೆಲ್ಫಿನ್ ಅಂದರೆ ಇವಳ ಕೋಣೆಯಲ್ಲೇ ಇರುವ ಹುಡುಗಿ.

"ಕೇಳಿದ್ಲಾ?"

"ಇಲ್ಲ. ಕಿಟಕಿ ಯಾಕೆ ಯಾವಾಗಲೂ ತೆಗೀತೀಯ ಅಂತ ಜಗಳಕ್ಕೆ ಬಂದ್ಲು. ಅದಕ್ಕೆ ನಾನಾಗೇ ಹೇಳ್ದೆ. ಹೇಗೆ ಹೋದ್ರು ಅಂತ ಕೇಳ್ಲಿಲ್ಲ ಅಪ್ಪ. ಹೇಗಿದ್ರು ಅಂತ ಕೇಳಿದ್ಲು. ಹೇಳ್ತಾ ಹೇಳ್ತಾ ಬೆಳಗಾಯ್ತು."

ಫೋನು ಇನ್ನೊಂದು ಕಿವಿಗೆ ಹಿಡಿದೆ.

"ನೀನೂ ಯಾರಿಗಾದ್ರೂ ಹೇಳು."

"ಇಲ್ಲಿ ಎಲ್ಲರಿಗೂ ಗೊತ್ತಲ್ಲೇ."

"ಗೊತ್ತಿರೋರಿಗಲ್ಲ. ದಿನಾ ಬರೀತಿರ್ತೀಯಲ್ಲ, ಅದಕ್ಕಾದ್ರೂ ಹೇಳು."

ಫೋನ್ ಇಟ್ಟ ಮೇಲೆ ಹಿಂದಿನ ಪುಟಗಳನ್ನು ತಿರುವಿದೆ. ರಸ್ತೆ, ಕೆಸರು, ಜಲ್ಲಿ. ಅವಳು, ಅವಳು. ಅಕ್ಟೋಬರ್‌ನಿಂದ ಹೆಸರು ಒಂದು ಸಲವೂ ಬರೆದಿಲ್ಲ. ಎದ್ದು ಅಡುಗೆಮನೆ ಕಿಟಕಿ ತೆಗೆದು ಬಂದೆ. ಮೊದಲು ಜೋರಾಗಿ ಜಗ್ಗಬೇಕಾಯಿತು, ಬಿಗಿದುಕೊಂಡಿತ್ತು.

ಲೊರೇನ್ ಬೆಳಿಗ್ಗೆ ಎದ್ದ ತಕ್ಷಣ ಈ ಕಿಟಕಿ ತೆಗೆಯುತ್ತಿದ್ದಳು. ಜನವರಿಯಲ್ಲೂ. ಹಿಮ ಒಳಗೆ ಬಿದ್ದರೂ. ನಾನು ಬೈಯುತ್ತಿದ್ದೆ. ಅದಕ್ಕೆ ಲೊರೇನ್, "ಮನೆಯೂ ಉಸಿರಾಡ್ಬೇಕು ಎಲ್ಡನ್" ಅನ್ನುತ್ತಿದ್ದಳು.