ಓಡದ ಕಾರಿಗೆ ವಾರಂಟಿ

ಯಲ್ಲಾಪುರ
೧೪ ನವೆಂಬರ್ ೨೦೨೫

ನುಜ್ಹತ್‌ಳ ಅಬ್ಬಾ ಅವರಿಗೆ ತಸ್ಲೀಮಳ ಸಲಾಂ.

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ದಮ್ಮಾಮಿನಲ್ಲಿ ಬಿಸಿಲು ಇಳಿದಿದೆ, ಆದರೆ ನೀವು ದಿನಕ್ಕೆ ಹದಿಮೂರು ತಾಸು ಸ್ಟೇರಿಂಗ್ ಹಿಡಿದೇ ಇರುತ್ತೀರಿ ಎಂದು ನಿಮ್ಮ ಕೋಣೆಯ ತೌಸೀಫ್ ಹೇಳಿದ. ಅವನು ರಜೆ ಮುಗಿಸಿ ಸೋಮವಾರ ಹೊರಡುತ್ತಾನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆಗೆ ಈ ಪತ್ರವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಇಲ್ಲಿ ಎಲ್ಲರೂ ಆರಾಮ. ನಿಮ್ಮ ಅಮ್ಮಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಎದುರು ಮನೆಯವರು ಏನು ಒಣಹಾಕಿದ್ದಾರೆ ಎಂಬುದೂ ಕಾಣುತ್ತಿದೆ. ನುಜ್ಹತ್ ಮಗ್ಗಿಯಲ್ಲಿ ಹದಿನೇಳರ ಹತ್ತಿರ ನಿಂತಿದ್ದಾಳೆ, ಮುಂದೆ ಹೋಗುವ ಲಕ್ಷಣವಿಲ್ಲ.

ಫೋನಿರುವಾಗ ಪತ್ರ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಾನು ವಿಷಯಕ್ಕೆ ಬರುವಷ್ಟರಲ್ಲಿ ನಿಮ್ಮ ಮಾಲೀಕರು ಕರೆಯುತ್ತಾರೆ. ಕಳೆದ ವಾರ ನೀವೊಬ್ಬರೇ ಮಾತಾಡಿದಿರಿ. ಕರಾರನ್ನು ಇನ್ನೂ ಮೂರು ವರ್ಷ ಮುಂದುವರಿಸುವ ಕಾಗದ ಬಂದಿದೆ, ತಿಂಗಳ ಕೊನೆಗೆ ಸಹಿ ಹಾಕಬೇಕು ಎಂದಿರಿ. ಹಾಗೆಯೇ, ಕಾರಿನ ವಾರಂಟಿ ಮೂವತ್ತನೇ ತಾರೀಕಿಗೆ ಮುಗಿಯುತ್ತದೆ, ಅಷ್ಟರೊಳಗೆ ಮಾರಿಬಿಡು, ಆಮೇಲೆ ಯಾರೂ ಒಳ್ಳೆಯ ದರಕ್ಕೆ ಕೇಳುವುದಿಲ್ಲ ಎಂದಿರಿ. ನಾನು ಹೂಂ ಎಂದೆ. ಆ ಹೂಂ ಒಪ್ಪಿಗೆಯಲ್ಲ, ಕೇಳಿಸಿತು ಎಂದು ಹೇಳಿದ್ದು ಅಷ್ಟೇ. ಕಾರನ್ನು ನಾನು ಮಾರಿಲ್ಲ. ವಾರಂಟಿ ಹೆಚ್ಚಿಸಿಕೊಂಡು ಬಂದಿದ್ದೇನೆ. ಈಗ ಸಿಟ್ಟು ಮಾಡಿಕೊಳ್ಳದೆ ಮುಂದೆ ಓದಿ.

ಒಂದೇ ಕಂಪನಿಯ ಒಂದೇ ಕಾರಿನ ವಾರಂಟಿಗೆ ಊರಿಗೊಂದು ದರ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹುಬ್ಬಳ್ಳಿಯ ಶೋರೂಮಿನವರು ಎರಡು ವರ್ಷಕ್ಕೆ ಹತ್ತೊಂಬತ್ತು ಸಾವಿರ ಚಿಲ್ಲರೆ ಎಂದರು. ಶಿವಮೊಗ್ಗಕ್ಕೆ ಫೋನು ಮಾಡಿದರೆ ಹದಿನಾಲ್ಕು ಸಾವಿರ, ಹಳೆಯ ಕಾಗದ ಯಾವುದೂ ಬೇಡವಂತೆ. ನನಗೆ ಆಸೆಯಾಯಿತು. ಅಷ್ಟರಲ್ಲಿ ನುಜ್ಹತ್‌ಳ ಟೀಚರ್ ಮಮತಾ ತಡೆದರು. ಅವರ ತವರು ಸಿದ್ದಾಪುರ. ಅಲ್ಲಿಯವರಿಗೆ ಶಿವಮೊಗ್ಗ ಹತ್ತಿರವೆಂದು ಅವರ ಅಣ್ಣ ಅದೇ ಶೋರೂಮಿನಲ್ಲಿ ಹೀಗೆ ಅಗ್ಗದ್ದು ಮಾಡಿಸಿದ್ದನಂತೆ. ಅದು ಕಂಪನಿಯದಲ್ಲ, ಆ ಶೋರೂಮಿನವರದೇ ಯೋಜನೆ. ಅವರ ವರ್ಕ್‌ಶಾಪಿನಲ್ಲಿ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಇಲ್ಲಿಯ ಮಾಗೋಡು ಜಲಪಾತ ನೋಡಲು ಬಂದಾಗ ಗೇರ್‌ಬಾಕ್ಸ್ ಕೈಕೊಟ್ಟು, ಕಾರನ್ನು ಲಾರಿಯ ಮೇಲೆ ಹೇರಿ ಶಿವಮೊಗ್ಗದವರೆಗೂ ಒಯ್ದರಂತೆ. ಉಳಿಸಿದ್ದೆಲ್ಲ ಲಾರಿ ಬಾಡಿಗೆಗೇ ಹೋಯಿತು. ಕಂಪನಿಯದ್ದಾದರೆ ದೇಶದ ಯಾವ ಮೂಲೆಯಲ್ಲಾದರೂ ರಿಪೇರಿ ಮಾಡಿಕೊಡುತ್ತಾರೆ. ಹಾಗಾಗಿ ಹುಬ್ಬಳ್ಳಿಯೇ ಆಗಲಿ ಎಂದು ತೀರ್ಮಾನಿಸಿದೆ.

ನಾನೇ ಓಡಿಸಿಕೊಂಡು ಹೋದೆ. ಸೆಪ್ಟೆಂಬರಿನಲ್ಲಿ ಲೈಸೆನ್ಸ್ ಬಂತು ಎಂದಾಗ ನೀವು ನಕ್ಕಿದ್ದಿರಲ್ಲ, ಅದೇ ಲೈಸೆನ್ಸು. ಪಕ್ಕದಲ್ಲಿ ಕೂತ ಅಮ್ಮಿ ಕಲಘಟಗಿಯವರೆಗೂ ಕಣ್ಣು ಮುಚ್ಚಿ ತಸ್ಬೀಹ್ ಮಣಿ ಎಣಿಸಿದರು, ಆಮೇಲೆ ಚಹಾ ಕುಡಿಯೋಣ ನಿಲ್ಲಿಸು ಎಂದರು. ಶೋರೂಮಿನಲ್ಲಿ ಜ್ಯೋತಿ ಎಂಬ ಹುಡುಗಿ ಮಾಲೀಕರ ಹೆಸರು ಕೇಳಿದಳು. ಮದುವೆಯಾಗಿ ಹನ್ನೆರಡು ವರ್ಷ, ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದಿದ್ದೇ ಇಲ್ಲ. ಅದೂ ಅಮ್ಮಿಯ ಎದುರು! ಸುಮ್ಮನೆ ಆರ್‌ಸಿ ಪುಸ್ತಕ ಮುಂದಿಟ್ಟೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಕಂಪ್ಯೂಟರ್ ನೋಡಿ, ಎರಡನೇ ವರ್ಷದ ಸರ್ವಿಸ್ ಆಗಿಲ್ಲ, ವಾರಂಟಿ ಹೆಚ್ಚಿಸಲು ಬರುವುದಿಲ್ಲ ಎಂದಳು.

ಸರ್ವಿಸ್ ಆಗಿತ್ತು. ನಮ್ಮ ಚನ್ನಯ್ಯನ ಗ್ಯಾರೇಜಿನಲ್ಲಿ ಮಾಡಿಸಿದ್ದೆವಲ್ಲ, ನೀವೂ ರಜೆಯಲ್ಲಿ ಇದ್ದಿರಿ. ಅವತ್ತು ನಾನು ಬಿಲ್ಲು ಕೇಳಿದ್ದಕ್ಕೆ ಅವನ ಮುಖ ಸಣ್ಣದಾಗಿತ್ತು. “ಬಿಲ್ಲು ಎಂತಕ್ಕೆ ಅಕ್ಕಾ? ನನ್ ಮೇಲೆ ನಂಬಿಕೆ ಇಲ್ವಾ?” ಎಂದಿದ್ದ. ನೀವು ನನ್ನನ್ನೇ ಗದರಿಸಿ ಕಾರು ಹತ್ತಿಸಿದಿರಿ. ನಮ್ಮ ಊರಿನಲ್ಲಿ ಗುರುತಿನವರ ಹತ್ತಿರ ಬಿಲ್ಲು ಕೇಳುವುದೆಂದರೆ ಅವರನ್ನು ಕಳ್ಳ ಎಂದ ಹಾಗೆ. ಚನ್ನಯ್ಯ ಬಿಲ್ಲು ಕೊಟ್ಟಿದ್ದರೂ ನಡೆಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು, ಅದು ಕಂಪನಿಯ ವರ್ಕ್‌ಶಾಪೇ ಆಗಬೇಕಂತೆ. ಕಾರು ಓಡಿದ್ದೇ ಒಂಬತ್ತು ಸಾವಿರ ಕಿಲೋಮೀಟರ್ ಎಂದು ವಾದಿಸಿದೆ. “ಅಕ್ಕಾರ, ಗಾಡಿ ಓಡ್ಲಿ ಬಿಡ್ಲಿ, ವರ್ಷಕ್ಕೊಮ್ಮೆ ಸರ್ವಿಸ್ ಆಗಬೇಕ್ರಿ. ನಿಂತ ಗಾಡೀನೂ ಹಾಳಾಗ್ತೈತ್ರಿ” ಎಂದಳು.

ಆಮೇಲೆ ಅವಳಿಗೇ ಪಾಪ ಅನ್ನಿಸಿರಬೇಕು. ಇಡೀ ಕಾರನ್ನು ತಪಾಸಣೆ ಮಾಡಿಸಿ, ತಪ್ಪಿದ ಸರ್ವಿಸನ್ನೂ ಮಾಡಿಸಿದರೆ ಕಂಪನಿಗೆ ಬರೆದು ಕೇಳುತ್ತೇನೆ ಎಂದಳು. ಅವಳ ಮೇಲಿನವನಿಗೆ ಅದು ಒಪ್ಪಿಗೆಯಿರಲಿಲ್ಲ, ದೇವರು ಕೊಟ್ಟರೂ ಪೂಜಾರಿ ಕೊಡ. ಆದರೂ ಅವಳು ಬರೆದಳು, ಎರಡು ದಿನ ಕಾದೆವು. ಅಮ್ಮಿಯ ತಂಗಿಯ ಮನೆಯಲ್ಲಿ ಉಳಿದು, ದಿನಕ್ಕೆ ಮೂರು ಸಲ ಫೋನು ಮಾಡಿ ಜ್ಯೋತಿಯ ತಲೆ ತಿಂದೆ. ಬುಧವಾರ ಮಧ್ಯಾಹ್ನ ಕಂಪನಿಯ ಒಪ್ಪಿಗೆ ಬಂತು.

ತಪಾಸಣೆ ಮಾಡಿದ ಮೆಕ್ಯಾನಿಕ್ ಈ ಕಾರನ್ನು ಯಾರು ಓಡಿಸುತ್ತಾರೆ ಎಂದು ಕೇಳಿದ. ನಮ್ಮ ಮನೆಯವರು ಡ್ರೈವರ್ ಎಂದೆ. ಹಾಗಾದರೆ ಇಷ್ಟು ಕಡಿಮೆ ಓಡಿದ್ದು ಹೇಗೆ ಎಂದ. ಅವನು ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಅಲ್ಲೇ ಅಳು ಬಂತು. ಮೂರು ವರ್ಷದಲ್ಲಿ ಎರಡು ರಜೆ, ಎಲ್ಲ ಸೇರಿ ಎಪ್ಪತ್ತು ದಿನ ನೀವು ನಿಮ್ಮ ಕಾರು ಓಡಿಸಿದ್ದೀರಿ. ಬೇರೆಯವರ ಮಕ್ಕಳನ್ನು ದಿನಾ ಶಾಲೆಗೆ ಬಿಡುತ್ತೀರಿ. ನುಜ್ಹತ್‌ಳನ್ನು ಶಾಲೆಗೆ ಬಿಟ್ಟದ್ದು ಎಷ್ಟು ದಿನ, ನೀವೇ ಲೆಕ್ಕ ಹಾಕಿ. ನಿಮ್ಮ ದುಡಿಮೆಯ ಬಗ್ಗೆ ನನಗೆ ಬೇಸರವಿಲ್ಲ, ಈ ಮನೆ ನಿಂತಿರುವುದೇ ಅದರಿಂದ. ನೀವು ಇಲ್ಲದಿರುವುದೇ ಬೇಸರ, ಅದನ್ನು ಇಷ್ಟು ವರ್ಷ ಹೇಳಿರಲಿಲ್ಲ.

ಔಷಧಿ ತಪ್ಪಿಸಬೇಡಿ. ಉಪ್ಪಿನಕಾಯಿಯನ್ನು ಕೋಣೆಯವರಿಗೂ ಕೊಡಿ, ತೌಸೀಫನಿಗೆ ಸ್ವಲ್ಪ ಹೆಚ್ಚು. ಅಮ್ಮಿಯ ದುವಾ ಸದಾ ನಿಮ್ಮ ಮೇಲಿದೆ, ಮಗಳು ಮುತ್ತು ಕಳಿಸಿದ್ದಾಳೆ. ಅಲ್ಲಾಹ್ ನಿಮ್ಮನ್ನು ಕ್ಷೇಮವಾಗಿಡಲಿ.

ನಿಮ್ಮ
ತಸ್ಲೀಮ್

ತಾ.ಕ.: ತೌಸೀಫ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ವಾರಂಟಿಯ ಫಾರಮ್ಮಿನಲ್ಲಿ ಎರಡು ವರ್ಷ, ಮೂರು ವರ್ಷ ಎಂದು ಎರಡು ಚೌಕಗಳಿದ್ದವು. ಮೂರಕ್ಕೆ ರಿಯಾಯಿತಿ ಇದೆ, ಅದನ್ನೇ ಮಾಡಿಸಿ ಎಂದು ಜ್ಯೋತಿ ಬಹಳ ಹೇಳಿದಳು. ನಾನು ಎರಡಕ್ಕೇ ಗುರುತು ಹಾಕಿದೆ. ಅಷ್ಟು ದಿನ ಕಾರನ್ನು ನಾನು ನೋಡಿಕೊಳ್ಳುತ್ತೇನೆ, ಆಮೇಲೆ ಅದು ಕೆಟ್ಟರೆ ಚನ್ನಯ್ಯನ ಹತ್ತಿರ ನೀವೇ ಒಯ್ಯಬೇಕು. ನಿಮ್ಮ ಕರಾರಿನಲ್ಲೂ ಎರಡು ಎಂದೇ ಬರೆಸಿ. ಮೂರಕ್ಕೆ ಸಹಿ ಹಾಕಬೇಡಿ.