ನಾಲ್ಕನೇ ಒರತೆ

ಅಫ್ರೋಜ್,

ಯಾವ ಮುಖ ಇಟ್ಟುಕೊಂಡು ಇದನ್ನು ನಿನಗೆ ಕಳಿಸಲಿ? ಕಳಿಸುವುದಿಲ್ಲ.

ಇವತ್ತು ಜರ್ಮನ್‌ಟೌನ್‌ನ ಆಫೀಸಿನಿಂದ ಡ್ರೈವ್ ಮಾಡಿಕೊಂಡು ಆ ಕಲ್ಲಿದ್ದಲು ಗಣಿಯ ಕೆಳಗಿನ ನಾಲ್ಕನೇ ಒರತೆಗೆ ನೀರಿನ ಸ್ಯಾಂಪಲ್ ತರಲು ಹೋಗಿದ್ದೆ. ನೀನು ಬಕೆಟ್ ಹಿಡಿದು ನಿಂತರೆ, ಹರಿವು ಅಳೆಯಲು ಅದು ತುಂಬುವವರೆಗೆ ನಾನು ಸೆಕೆಂಡ್ ಎಣಿಸುತ್ತಿದ್ದೆನಲ್ಲ, ಅದೇ ಒರತೆ. ಈಗ ಬತ್ತಿದೆ. ಕಲ್ಲಿನ ಮೇಲೆ ತುಕ್ಕಿನ ಬಣ್ಣದ ಕೆಸರು ಒಣಗಿ ಬಿರುಕು ಬಿಟ್ಟಿದೆ.

ನಮ್ಮ ಮ್ಯಾನೇಜರ್ ಗೋಪಿನಾಥ್‌ಗೆ ಫೋನ್ ಮಾಡಿದೆ. ಬರವಣಿಗೆಯಲ್ಲಿ ಇರಬಾರದ್ದನ್ನು ಅವರು ಈಗಲೂ ಕನ್ನಡದಲ್ಲೇ ಹೇಳುತ್ತಾರೆ. "ನೀರೇ ಇಲ್ಲ ಅಂದ್ಮೇಲೆ ಸ್ಯಾಂಪಲ್ ಇಲ್ಲ. ಸ್ಯಾಂಪಲ್ ಇಲ್ಲ ಅಂದ್ಮೇಲೆ ವಯಲೇಶನ್ ಎಲ್ಲಿಂದ ಬರುತ್ತೆ ಯಾಮಿನಿ? ನೋ ಫ್ಲೋ, ಹರಿವಿಲ್ಲ ಅಂತ ಟಿಕ್ ಮಾಡಿ ಹೊರಡಿ."

ಮಾಡಿದೆ. ಹೋದ ಸಲದವರೆಗೂ ಕಬ್ಬಿಣದ ಅಂಶ ಮಿತಿ ಮೀರಿದ್ದ ಒರತೆ, ಸತ್ತ ಮೇಲೆ ವರದಿಯಲ್ಲಿ ಶುದ್ಧವಾಯಿತು. ಕೆಳಗೆ ನನ್ನ ಸಹಿ. ಥೂ.

ಹೊರಡುವಾಗ ತಗ್ಗಿನ ಮನೆಯ ಅಜ್ಜಿ ಬಂದರು. ಮೂವತ್ತು ವರ್ಷ ಆ ನೀರನ್ನೇ ಕುಡಿದವರು. ನೀನೆಲ್ಲಿ ಎಂದು ಕೇಳಿದರು. ನೀನಾಗಿಯೇ ಕೆಲಸ ಬಿಟ್ಟು ಇಂಡಿಯಾಗೆ, ಮೈಸೂರಿಗೆ ವಾಪಸ್ ಹೋದೆ ಎಂದು ಸುಳ್ಳು ಹೇಳಿದೆ. ಪಾಪ, ಬಿಸಿಲಲ್ಲಿ ನಿಂತಿದ್ದೀಯ ಎಂದು ಅಂಗಡಿಯಿಂದ ತಂದಿಟ್ಟಿದ್ದ ನೀರಿನ ಬಾಟಲಿ ಕೊಟ್ಟರು.

ಎರಡು ವರ್ಷದ ಹಿಂದೆ, ಆ ಮೀಟಿಂಗ್‌ನಲ್ಲಿ, "ಗಣಿ ಹೀಗೇ ಅಗೀತಾ ಹೋದ್ರೆ ಈ ಒರತೆ ಬತ್ತೋಗುತ್ತೆ. ರೀಡಿಂಗ್ಸ್ ಎಲ್ಲಾ ಯಾಮಿನಿ ಹತ್ರಾನೇ ಇದೆ, ಕೇಳಿ" ಎಂದಿದ್ದೆ ನೀನು. ಎಲ್ಲರೂ ನನ್ನತ್ತ ತಿರುಗಿದಾಗ ನಾನು ಗ್ಲಾಸ್ ಎತ್ತಿ ನೀರು ಕುಡಿಯತೊಡಗಿದ್ದೆ. ಎಲ್ಲರೂ ಬೇರೆ ಕಡೆ ನೋಡುವವರೆಗೂ ಕುಡಿಯುತ್ತಲೇ ಇದ್ದೆ.

ಅಜ್ಜಿಯ ಬಾಟಲಿಯನ್ನೂ ಪೂರ್ತಿ ಖಾಲಿ ಮಾಡಿದೆ.

ಯಾಮಿನಿ