ಖಾಲಿ ಬುಟ್ಟಿಯ ಸಾಲು

ಕಂಪ್ಲಿ,
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ಮೊಮ್ಮಗಳು ದೇವಿಕಾಗೆ ನಿನ್ನ ತಾತ ಹಂಪಯ್ಯನ ಆಶೀರ್ವಾದಗಳು.

ಕೆಮ್ಮು ಬಿಟ್ಟಿತೇ ತಾಯಿ? ಚೆನ್ನೈನಲ್ಲಿ ಚಳಿಯೇ ಇಲ್ಲ ಎನ್ನುತ್ತೀ, ಮತ್ತೆ ಈ ಕೆಮ್ಮು ಯಾವ ಬಾಗಿಲಿಂದ ಬಂತೋ. ಕಂಪ್ಯೂಟರ್ ಮುಂದೆ ಕುಳಿತು ಊಟದ ಹೊತ್ತು ಮರೆಯಬೇಡ. ನಾವಿಲ್ಲಿ ಆರಾಮಿದ್ದೇವೆ. ನನ್ನ ಮಂಡಿ ಮಾತ್ರ ಏಳುವಾಗ ಒಂದು ಮಾತು, ಕೂರುವಾಗ ಒಂದು ಮಾತು ಹೇಳುತ್ತಲೇ ಇರುತ್ತದೆ. ನಿಮ್ಮಪ್ಪ ಯಲ್ಲೇಶನಿಗೆ ಅಕ್ಕಿ ಗಿರಣಿಯಲ್ಲಿ ಪುರುಸೊತ್ತಿಲ್ಲ, ಭತ್ತದ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತಿವೆ. ನಿಮ್ಮಜ್ಜಿ ಸಂಕ್ರಾಂತಿಗೆಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುತ್ತಿದ್ದಾಳೆ. ನಿನಗೊಂದು ಕಟ್ಟು ಕಳಿಸುತ್ತೇವೆ, ಅದರೊಳಗೇ ಈ ಕಾಗದವನ್ನೂ ಇಡುತ್ತೇನೆ. ಮೊದಲು ರೊಟ್ಟಿ ತಿನ್ನು, ಆಮೇಲೆ ಓದು. ಫೋನಿನಲ್ಲೇ ಹೇಳಿಬಿಡೋಣವೆಂದು ಮೂರು ಸಲ ನೋಡಿದೆ. ನೀನು "ತಾತಾ" ಎಂದ ಕೂಡಲೇ ಮಂಡಿಯ ಕಥೆ ಹೇಳಿ ಇಟ್ಟುಬಿಡುತ್ತೇನೆ.

ವಿಷಯ ನಿನ್ನ ಥೀಸಿಸ್ಸಿನದು. ಈ ತಿಂಗಳ ಕೊನೆಗೆ ಅದು ಬೈಂಡ್ ಆಗಿ ಕಾಲೇಜಿಗೆ ಹೋಗುತ್ತದೆ, ಆಮೇಲೆ ಒಂದಕ್ಷರ ತಿದ್ದಲೂ ಬರುವುದಿಲ್ಲ ಎಂದು ಹೇಳಿದ್ದೆಯಲ್ಲ. ಅದರಲ್ಲಿ ನನ್ನ ಬಗ್ಗೆ ಇರುವುದು ಸುಳ್ಳು, ದೇವಿಕಾ. ಸುಳ್ಳು ನಿನ್ನದಲ್ಲ, ನಾನು ಹೇಳಿದ್ದು. ಇಷ್ಟು ಬರೆಯುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿದೆ.

ಯಂತ್ರಗಳಿಲ್ಲದ ಕಾಲದಲ್ಲಿ ಕಾಲುವೆಯ ಕೆಲಸ ಹೊತ್ತಿಗೆ ಸರಿಯಾಗಿ ಹೇಗೆ ಮುಗಿಯುತ್ತಿತ್ತು ಎಂದು ತಿಳಿಯಲು ನೀನು ದೀಪಾವಳಿಗೆ ಬಂದಾಗ ರೆಕಾರ್ಡರ್ ಇಟ್ಟುಕೊಂಡು ನನ್ನ ಎದುರಿಗೆ ಕುಳಿತೆ. ಓದಿದ ಹುಡುಗಿ, ಅದೂ ನನ್ನ ಮೊಮ್ಮಗಳು, ನಾನು ಆಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಾಳೆ! ನಾನು ಉಬ್ಬಿಹೋದೆ. ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನ ಹಂಚಿಕೆ ಮೊದಲು ಯಾರಿಗೆ ಹೊಳೆಯಿತು ಎಂದು ಕೇಳಿದಾಗ "ಮತ್ಯಾರಿಗೆ? ನನಗ" ಎಂದುಬಿಟ್ಟೆ. ನಿಮ್ಮಜ್ಜಿ ಬಾಗಿಲ ಬಳಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅವಳ ಕೈ ಒಂದು ಗಳಿಗೆ ನಿಂತು, ಮತ್ತೆ ಆರಿಸತೊಡಗಿತು. ನೀನು ನೋಡಲಿಲ್ಲ, ನಾನು ನೋಡಿದೆ. ನೋಡಿಯೂ ಮುಂದಕ್ಕೆ ಹೇಳುತ್ತಲೇ ಹೋದೆ. ಕಂಡವರ ದುಡ್ಡಿನಲ್ಲಿ ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ನಾನು ಮಾಡಿದ್ದು ಅದೇ.

ಈಗ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಎಪ್ಪತ್ತೇಳನೇ ಇಸವಿಯ ಬೇಸಿಗೆ. ನೀರು ನಿಲ್ಲಿಸಿದ್ದ ಒಂದು ಉಪಕಾಲುವೆಗೆ ಕಾಂಕ್ರೀಟ್ ಹಾಕುತ್ತಿದ್ದೆವು, ನಾನು ಮೇಸ್ತ್ರಿ. ಮಳೆಗಾಲಕ್ಕೆ ನೀರು ಬಿಟ್ಟರೆ ಮುಗಿಯಿತು, ಆಗಿದ್ದಷ್ಟೇ ಕೆಲಸ. ಕಾಂಕ್ರೀಟ್ ಕಲಸುವ ಜಾಗ ಕಾಲುವೆಯ ಏರಿಯ ಆಚೆ. ಹೆಂಗಸರು ಕಬ್ಬಿಣದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಏರಿ ಹತ್ತಿ, ಈಚೆಯ ಇಳಿಜಾರಿನಲ್ಲಿ ಕಾಲು ಜಾರುತ್ತ ಇಳಿಯಬೇಕು. ಬಿಸಿಲಿಗೆ ಅಷ್ಟರಲ್ಲಿ ಕಲಸಿದ ಮಾಲು ಬಿಗಿದುಕೊಳ್ಳುತ್ತಿತ್ತು. ಒಂದು ದಿನ ಇಂಜಿನಿಯರ್ ವೆಂಕಟೇಶ್ ಸಾಹೇಬರು ಅರ್ಧ ದಿನದ ಕೆಲಸವನ್ನು ಒಡೆಸಿ ಹಾಕಿದರು. ನಾನು ಆಳುಗಳ ಮೇಲೆ ಕೂಗಾಡಿದೆ. ಮೇಸ್ತ್ರಿಗೆ ತಿಳಿಯದಿದ್ದಾಗ ಇರುವುದು ಅದೊಂದೇ ದಾರಿ.

ನಿಮ್ಮಜ್ಜಿಯೂ ಆ ಗ್ಯಾಂಗಿನಲ್ಲೇ ಇದ್ದಳು. ನಿಮ್ಮಪ್ಪ ಆಗ ಆರು ತಿಂಗಳ ಕೂಸು, ಬೇವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿರುತ್ತಿದ್ದ. ಅವನಿಗೆ ಹಾಲೂಡಿಸಲು ಕುಳಿತವಳಿಗೆ ಅಲ್ಲಿಂದ ಇಡೀ ಕೆಲಸ ಕಾಣುತ್ತಿತ್ತು, ನಡೆಯುವವರಿಗೆ ಕಾಣದ್ದು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮೆಲ್ಲಗೆ ಹೇಳಿದಳು: "ಹೆಣ್ಮಕ್ಕಳು ನಡೆಯೋದು ಬ್ಯಾಡ. ಬುಟ್ಟಿ ನಡೀಲಿ." ಎಲ್ಲರೂ ನಿಂತಲ್ಲೇ ನಿಂತು ಕೈಯಿಂದ ಕೈಗೆ ದಾಟಿಸಬೇಕು. ಎತ್ತರದವರ ಪಕ್ಕ ಎತ್ತರದವರು, ಗಿಡ್ಡರ ಪಕ್ಕ ಗಿಡ್ಡರು. ಬುಟ್ಟಿ ಏರಿಳಿದರೆ ಸೊಂಟ ಹೋಗುತ್ತದೆ. ಖಾಲಿ ಬುಟ್ಟಿಗಳು ಹಿಂದಿರುಗಲು ಬೇರೆ ಸಾಲು, ಅದು ಮರದ ಪಕ್ಕದಲ್ಲಿ. ಊಟವಾದ ಮೇಲೆ ನಾನು ಸಾಹೇಬರ ಬಳಿ ಹೋಗಿ "ನಾನೊಂದು ಹಂಚಿಕೆ ಹಾಕೇನ್ರಿ" ಎಂದೆ. ಅವರು ಬೆನ್ನು ತಟ್ಟಿದರು. ಕೆಲಸ ನೀರು ಬರುವುದಕ್ಕೆ ಎಂಟು ದಿನ ಮುಂಚೆಯೇ ಮುಗಿಯಿತು. ಆ ಬೆನ್ನು ತಟ್ಟಿಸಿಕೊಂಡ ಸುಖವನ್ನೇ ನಾನು ನಲವತ್ತೇಳು ವರ್ಷ ಉಂಡುಕೊಂಡು ಬಂದಿದ್ದೇನೆ.

ಇದಿಷ್ಟೇ ಆಗಿದ್ದರೆ ಮುದುಕನ ಜಂಬವೆಂದು ನೀನು ನಕ್ಕು ಬಿಡುತ್ತಿದ್ದೆಯೇನೋ. ಕೈಯಿಂದ ಕೈಗೆ ದಾಟಿಸುವುದು ಲೋಕಕ್ಕೇನೂ ಹೊಸದಲ್ಲ. ನಿನಗೆ ಅಚ್ಚರಿಯಾದದ್ದು ಆ ಖಾಲಿ ಬುಟ್ಟಿಯ ಸಾಲು. ಅಲ್ಲಿ ಯಾರನ್ನು ನಿಲ್ಲಿಸಿದಿರಿ, ಯಾಕೆ ಎಂದು ಎರಡೆರಡು ಸಲ ಕೇಳಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹುಡುಗಿಯಲ್ಲ ನೀನು. ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಯೋಚಿಸಿದ್ದಲ್ಲವಲ್ಲ, ಗೊತ್ತಾಗುವುದು ಹೇಗೆ? "ಕೈಲಾಗದವರನ್ನ ಅಲ್ಲಿ ನಿಲ್ಲಿಸಿದ್ವಿ" ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ನೀನು ನಂಬಿ ಹಾಗೆಯೇ ಬರೆದೆ.

ನಮಗಾಗಿ ಕನ್ನಡದಲ್ಲಿ ಬರೆದು ಕಳಿಸಿದೆಯಲ್ಲ ನಾಲ್ಕು ಪುಟ, 'ಹಂಪಯ್ಯನ ಸಾಲು' ಎಂದು ಹೆಸರಿಟ್ಟು, ಅದನ್ನು ಹೋದ ವಾರ ನಿಮ್ಮಪ್ಪ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದ. ಪಕ್ಕದ ಮನೆಯ ದುರ್ಗಕ್ಕನೂ ಬಂದು ಕುಳಿತಿದ್ದಳು. ಅವಳು ಆ ಖಾಲಿ ಸಾಲಿನಲ್ಲಿ ನಿಂತವಳು. 'ಅಶಕ್ತ ಕೆಲಸಗಾರರು' ಎಂಬಲ್ಲಿಗೆ ಬಂದಾಗ ಅವಳು ನನ್ನ ಮುಖ ನೋಡಿ ಕೇಳಿದಳು: "ಹಂಪಣ್ಣಾ, ಅಶಕ್ತರು ಅಂದ್ರ ಯಾರಪ್ಪಾ? ನಾವಾ?" ನಿಮ್ಮಜ್ಜಿ ಮೆಲ್ಲಗೆ ಅವಳ ತೊಡೆ ತಟ್ಟಿ "ಸುಮ್ಕಿರಬೇ, ವಯಸ್ಸಾಗೇತಿ ಅವರಿಗೆ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಮಾನ ಮುಚ್ಚಿದಳು, ನನಗೆ ಅದೇ ತಡೆಯಲಾಗಲಿಲ್ಲ. ಅವತ್ತಿನಿಂದ ಹೋಟೆಲಿಗೆ ಚಹಾ ಕುಡಿಯಲೂ ಹೋಗಿಲ್ಲ. ನಿನ್ನ ಪುಟಗಳನ್ನು ಅಲ್ಲೆಲ್ಲ ತೋರಿಸಿ ಮೆರೆದಿದ್ದೆ.

ದುರ್ಗಕ್ಕ ಎದ್ದುಹೋದ ಮೇಲೆ ನಿಮ್ಮಜ್ಜಿಯನ್ನೇ ಕೇಳಿದೆ, ನಲವತ್ತೇಳು ವರ್ಷಗಳಲ್ಲಿ ಮೊದಲ ಸಲ. ಆ ಸಾಲಿನ ಐವರೂ ಹಾಲೂಡಿಸುವ ತಾಯಂದಿರು. ತುಂಬಿದ ಬುಟ್ಟಿಯ ಸಾಲಿನಲ್ಲಿ ಒಬ್ಬಳು ಸರಿದರೆ ಕೆಲಸ ನಿಲ್ಲುತ್ತದೆ. ಖಾಲಿ ಬುಟ್ಟಿಯನ್ನು ಎಸೆಯಬಹುದು, ಒಗೆಯಬಹುದು! ಕೂಸು ಅತ್ತರೆ ತಾಯಿ ಸಾಲು ಬಿಟ್ಟು ಹೋಗುತ್ತಾಳೆ, ಇತ್ತಲವಳು ಅವಳ ಜಾಗದ ಮೇಲಿಂದ ಅತ್ತಲವಳಿಗೆ ಬುಟ್ಟಿ ಬೀಸಿ ಒಗೆಯುತ್ತಾಳೆ. ಕೆಲಸವೂ ನಿಲ್ಲಲಿಲ್ಲ, ಒಂದು ಕೂಸೂ ಹಸಿದುಕೊಂಡು ಉಳಿಯಲಿಲ್ಲ. ಅವರು ಅಶಕ್ತರಲ್ಲ ದೇವಿಕಾ, ಎರಡು ಕೆಲಸ ಮಾಡುತ್ತಿದ್ದವರು. ಆ ಕೂಸುಗಳಲ್ಲಿ ಒಂದು ನಿನ್ನಪ್ಪ.

ನನ್ನ ಹೆಸರು ಕಿತ್ತುಹಾಕು, 'ಅಶಕ್ತ' ಎಂಬ ಆ ಪದವನ್ನೂ ಕಿತ್ತುಹಾಕು. ನಿನ್ನ ಮೇಷ್ಟರು ಯಾಕೆ ಬದಲಾಯಿತೆಂದು ಕೇಳಿದರೆ ನಮ್ಮ ತಾತ ಸುಳ್ಳು ಹೇಳಿದ್ದರು ಎಂದು ನೇರವಾಗಿ ಹೇಳು, ನನ್ನ ಮುಲಾಜು ನೋಡಬೇಡ. ನಿನ್ನ ತಲೆಯ ಮೇಲೆ ಕೈಯಿಡಲು ಇವತ್ತು ಸಂಕೋಚವಾಗುತ್ತಿದೆ, ಆದರೂ ಇಡುತ್ತೇನೆ. ನಿನ್ನ ಓದು ನಿಜದ ಮೇಲೆ ನಿಲ್ಲಲಿ.

ನಿನ್ನ ತಾತ,
ಹಂಪಯ್ಯ

ತಾ.ಕ.: ಯಲ್ಲೇಶ ಕಟ್ಟು ಒಯ್ಯಲು ಅವಸರ ಮಾಡುತ್ತಿದ್ದಾನೆ. ಇದನ್ನು ನಿಮ್ಮಜ್ಜಿಗೆ ಓದಿ ಹೇಳಿದೆ. ಎಲ್ಲ ಕೇಳಿ, ರೊಟ್ಟಿ ಮಗುಚುತ್ತ, "ಒಗಿಯೋವಾಗ ಬುಟ್ಟಿ ಬೋರಲು ಹಿಡೀಬೇಕು, ಇಲ್ಲಂದ್ರ ಉಳಿದ ಮಾಲು ಕಣ್ಣಿಗೆ ಸಿಡೀತೈತಿ. ಅದನ್ನ ಬರದೇ ಇಲ್ಲ ನೀವು" ಎಂದಳು. ಅದನ್ನೂ ಸೇರಿಸು. ಇನ್ನೊಂದು. ಪುರಾವೆಗೆಂದು ಹಳೆಯ ಹಾಜರಿ ಪುಸ್ತಕ ಹುಡುಕಲು ಹೋಗಬೇಡ. ಅದನ್ನು ಬರೆದವನೂ ನಾನೇ. ಉಳಿದ ಹೆಂಗಸರ ಹೆಸರನ್ನೆಲ್ಲ ಬರೆದು, ನಿಮ್ಮಜ್ಜಿಯದು ಬಂದಾಗ 'ಹಂಪಯ್ಯನ ಮನೆಯಾಕೆ' ಎಂದು ಬರೆಯುತ್ತಿದ್ದೆ. ಹೆಂಡತಿಯ ಹೆಸರು ಬರೆಯಲು ಆಗ ನಾಚಿಕೆ. ಈಗಿನದು ಬೇರೆ ನಾಚಿಕೆ. ಈ ಕಾಗದವೇ ಪುರಾವೆ, ಜೋಪಾನವಾಗಿಡು. ಅಕ್ಷರ ತಪ್ಪದಂತೆ ಬರೆದುಕೋ: ನಿಂಗಕ್ಕ, ತಂದೆ ಪಾಲಪ್ಪ, ಊರು ಎಮ್ಮಿಗನೂರು. ಗಂಡನ ಹೆಸರು ಕೇಳಿದರೆ ಮಾತ್ರ ಹಾಕು.